ಸಾಕ್ಷಿಗೆ ನಿಂತ ಹೊನ್ನಗುಂಡಿ

ದೊಡ್ಡಮ್ಮನ ಕೈಚೀಲ ಸಸ್ಯೋದ್ಯಾನಕ್ಕೆ ಹೋಗುವಾಗ ಹಗುರ, ಬರುವಾಗ ಒಂದು ಎಲೆಯಷ್ಟು ಭಾರ. ಇದು ಗೇಟಿನ ಕಾವಲುಗಾರನಿಗೆ ಗೊತ್ತು. ಅವನಿಗೆ ಗೊತ್ತೆಂಬುದು ದೊಡ್ಡಮ್ಮನಿಗೂ ಗೊತ್ತು. ಗಿಡುಗನಂಥ ಕಣ್ಣಿನ ಚುರುಕಿಗೆ ಡೇಗೆ ಅಂತ ಹೆಸರು ಪಡೆದ ಆ ಕಾವಲುಗಾರ ಪ್ರತಿಸಲವೂ, “ಚೀಲ ತೋರಿಸಿ ಅಮ್ಮಾ,” ಅನ್ನುತ್ತಿದ್ದ. ಅವಳು ಪ್ರತಿಸಲವೂ ತೋರಿಸುತ್ತಿದ್ದಳು. ಕರವಸ್ತ್ರ, ಕನ್ನಡಕದ ಡಬ್ಬಿ, ಅರ್ಧ ಬ್ರೆಡ್ಡು. ಕನ್ನಡಕದ ಡಬ್ಬಿಯಲ್ಲಿ ಒದ್ದೆ ಹತ್ತಿ ಸುತ್ತಿದ ಗಿಡದ ಕಡ್ಡಿಯೊಂದು ಸಿಕ್ಕಿಬಿದ್ದ ಮೇಲೆ ಕಡ್ಡಿಗಳು ಬ್ರೆಡ್ಡಿನ ಹೊಟ್ಟೆಗೆ ವರ್ಗವಾಗಿದ್ದವು. ಬ್ರೆಡ್ಡು ಮುರಿದು ನೋಡುವಷ್ಟು ಡೇಗೆ ಕಟುಕನಲ್ಲ.

“ಕದಿಯೋದು ಅನ್ನಬೇಡ,” ಅಂತ ಅವಳು ತಂಗಿಯ ಮಗಳಿಗೆ ಹೇಳುತ್ತಿದ್ದಳು. “ಗಿಡ ತಾನಾಗೇ ಬರ್ತೀನಿ ಅನ್ನುತ್ತೆ. ಬರೋರನ್ನ ಬೇಡ ಅನ್ನೋಕಾಗುತ್ತಾ?”

ತಂಗಿಯ ಮಗಳ ಪಾಡು ಕೇಳಬೇಡಿ. ಅವಳು ಅದೇ ಉದ್ಯಾನದಲ್ಲಿ ತಳಿವಿಜ್ಞಾನಿ. ಹೊರಗೆ ಎಲ್ಲರೂ ಮೇಡಂ ಅನ್ನುವವಳಿಗೆ ಮನೆಯಲ್ಲಿ ಇನ್ನೂ ಪುಟ್ಟಿ ಎಂದೇ ಹೆಸರು. ಬೆಳಿಗ್ಗೆ ಗೇಟು ದಾಟುವಾಗ ಡೇಗೆ ಹವಾಮಾನ ವರದಿ ಒಪ್ಪಿಸುವವನ ಹಾಗೆ ಮೆಲ್ಲಗೆ ಹೇಳುತ್ತಿದ್ದ, “ನಿನ್ನೆ ನಿಮ್ಮ ದೊಡ್ಡಮ್ಮ ಬಂದಿದ್ರು ಮೇಡಂ. ಬ್ರೆಡ್ಡು ಸ್ವಲ್ಪ ದಪ್ಪ ಇತ್ತು.” ಅವಳು ಕೇಳಿಸದವಳಂತೆ ನಡೆದುಬಿಡುತ್ತಿದ್ದಳು.

ಪುಟ್ಟಿಗೆ ಆ ವರ್ಷ ಬೇರೆಯೇ ಚಿಂತೆ ಹತ್ತಿತ್ತು. ಉದ್ಯಾನದ ಹಿಂಭಾಗದಲ್ಲಿ ಕಲ್ಲುಕಲ್ಲಾದ ಒಂದು ಇಳಿಜಾರು. ಅದರ ಸುತ್ತ ಹಗ್ಗ, ಹಗ್ಗದ ಮುಂದೆ ಒಂದು ಬೋರ್ಡು: ‘ಹೊನ್ನಗುಂಡಿ. ಜಗತ್ತಿನಲ್ಲಿ ಇಲ್ಲಿ ಮಾತ್ರ.’ ಗೇಣುದ್ದದ ಗಿಡ, ಅಂಗಿಯ ಗುಂಡಿಯಷ್ಟೇ ಅಗಲದ ಐದೆಸಳಿನ ಹಳದಿ ಹೂ. ಹೂಗಾಲದಲ್ಲಿ ಇಡೀ ಇಳಿಜಾರು ಬಂಗಾರ ಬಳಿದುಕೊಂಡು ಕೂರುತ್ತಿತ್ತು. ಜೇನುಗಳು ಬೆಳಗಿನಿಂದ ಸಂಜೆಯವರೆಗೆ ಒಂದೇ ಶ್ರುತಿಯಲ್ಲಿ ಗುನುಗುತ್ತಿದ್ದವು. ಗುನುಗಿ ಏನು ಬಂತು? ಒಂದು ಕಾಯಿಲ್ಲ, ಒಂದು ಬೀಜವಿಲ್ಲ. ಹೂ ಉದುರುತ್ತಿತ್ತು, ಮುಗಿಯುತ್ತಿತ್ತು.

ಕಾರಣ ಪುಟ್ಟಿಗೆ ಗೊತ್ತಿತ್ತು. ಹಿಂದೆ ಒಂದು ಭಾರೀ ಬೇಸಿಗೆಯಲ್ಲಿ ಇಳಿಜಾರು ಬಹುಮಟ್ಟಿಗೆ ಸುಟ್ಟುಹೋದಾಗ ಆಗಿನ ತೋಟದ ಮೇಸ್ತ್ರಿ ಉಳಿದ ಗಿಡಗಳಲ್ಲಿ ಅತ್ಯಂತ ಚೆಂದದ್ದನ್ನು ಆರಿಸಿ, ಅದರ ಬೇರು ಸೀಳಿ ಸೀಳಿ ಎಲ್ಲ ಕಡೆ ನೆಟ್ಟಿದ್ದ. ಸೊರಗಿದವನ್ನೂ ಸಣ್ಣ ಹೂವಿನವನ್ನೂ ಕಿತ್ತು ಎಸೆದಿದ್ದ. ಅಚ್ಚುಕಟ್ಟಾದ ಮನುಷ್ಯ. ಅವನ ಅಚ್ಚುಕಟ್ಟುತನದಿಂದ ಇಳಿಜಾರಿನಲ್ಲಿ ಕಣ್ಣಿಗೆ ನೂರಾರು ಗಿಡ, ಲೆಕ್ಕಕ್ಕೆ ಒಂದೇ ಗಿಡ. ಹೊನ್ನಗುಂಡಿಯ ಹಟವೇನೆಂದರೆ, ಅದು ತನ್ನ ಪರಾಗವನ್ನು ತಾನು ಒಪ್ಪುವುದಿಲ್ಲ.

ಈಗಿನ ನಿರ್ದೇಶಕರೂ ಅಚ್ಚುಕಟ್ಟಿನವರೇ. ಎದುರಿಗೆ ನಿಂತವರ ತೋಳಿನ ಮೇಲೆ ಒಂದು ದಾರದೆಳೆ ಕಂಡರೆ ಮಾತು ನಿಲ್ಲಿಸಿ ಕೀಳುತ್ತಿದ್ದರು. ಇಲ್ಲ ಅನ್ನುವ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ, ‘ನೋಡೋಣ’ ಅನ್ನುತ್ತಿದ್ದರು. ನೋಡೋಣ ಅಂದರೆ ಇಲ್ಲ ಎಂದು ಇಡೀ ಕಚೇರಿಗೆ ಗೊತ್ತಿತ್ತು.

“ಮೂರು ಹೂಗಾಲ ಕಾದಿದ್ದಾಯ್ತು,” ಅಂದರು ಅವರು ಒಂದು ದಿನ. “ಮರಿ ಹಾಕದ ಗಿಡ ಇವತ್ತಲ್ಲ ನಾಳೆ ಹೋಗೋದೇ. ನಾಲ್ಕು ಗಿಡ ಒಣಗಿಸಿ ಗಾಜಿನ ಪೆಟ್ಟಿಗೇಲಿ ಇಡಿ. ಸೋಮವಾರ ಯಂತ್ರ ಬರುತ್ತೆ. ಇಳಿಜಾರು ಸಮ ಮಾಡಿ ಹುಲ್ಲುಹಾಸು ಹಾಕಿ, ನಡುವೆ ಒಂದು ಕಾರಂಜಿ ಇಟ್ಟುಬಿಡೋಣ.”

“ಹೂ ಈಗ ತಾನೇ ಬಿಟ್ಟಿದೆ ಸರ್. ಈ ಹೂಗಾಲ ಒಂದು ಮುಗಿದುಬಿಡಲಿ.”

“ನೋಡೋಣ,” ಅಂದರು ನಿರ್ದೇಶಕರು, ಅವಳ ಭುಜದಿಂದ ಒಂದು ಕೂದಲು ತೆಗೆಯುತ್ತ.

ಪುಟ್ಟಿ ಆ ಸಂಜೆ ನೇರ ದೊಡ್ಡಮ್ಮನ ಮನೆಗೆ ಹೋದಳು. ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಕಿಟಕಿಗಳಲ್ಲಿ ಬೆಳಕು ಬರಲು ಜಾಗವಿಲ್ಲದಷ್ಟು ಗಿಡ. ದೊಡ್ಡಮ್ಮ ನೀರು ಹಾಕುತ್ತ ಏನೋ ಪದ್ಯ ಹೇಳಿಕೊಳ್ಳುತ್ತಿದ್ದಳು. ತೀರಿಹೋದ ದೊಡ್ಡಪ್ಪನಿಂದ ಬಂದ ಅಭ್ಯಾಸ ಅದು. ಅವರು ಸ್ನಾನಕ್ಕೆ ಹೋದರೂ ಪದ್ಯ, ಬಸ್ಸಿಗೆ ಕಾದರೂ ಪದ್ಯ. ಪುಟ್ಟಿ ಸೋಫಾದ ಮೇಲೆ ಬಿದ್ದುಕೊಂಡು ಎಲ್ಲವನ್ನೂ ಹೇಳಿದಳು: ಇಳಿಜಾರು, ಸೋಮವಾರ, ಕಾರಂಜಿ.

ದೊಡ್ಡಮ್ಮ ನೀರಿನ ಚೊಂಬು ಕೆಳಗಿಟ್ಟಳು. ಪದ್ಯ ಅರ್ಧಕ್ಕೇ ನಿಂತಿತು. ಅದು ಅರ್ಧಕ್ಕೆ ನಿಂತದ್ದನ್ನು ಪುಟ್ಟಿ ಹಿಂದೆಂದೂ ಕೇಳಿರಲಿಲ್ಲ.

“ಬೈಯಲ್ಲ ಅಂದ್ರೆ ಒಂದು ತೋರಿಸ್ತೀನಿ,” ಅಂದಳು.

“ಏನದು?”

“ಮೊದಲು ಬೈಯಲ್ಲ ಅನ್ನು.”

“ಆಯ್ತು, ಬೈಯಲ್ಲ.”

ಮಲಗುವ ಕೋಣೆಯ ಕಿಟಕಿಯ ಪರದೆ ಸರಿಸಿದಾಗ ಅಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ. ಡಬ್ಬಿಯ ತುಂಬ ಹೊನ್ನಗುಂಡಿ, ಮೈತುಂಬ ಹೂ.

ಪುಟ್ಟಿ ಬೈಯಲಿಲ್ಲ. ಬೈಯಲು ಬಾಯಿ ತೆರೆದವಳು ಬಗ್ಗಿ ಹೂ ಎಣಿಸತೊಡಗಿದಳು.

“ಮದುವೆಯಾದ ಹೊಸದರಲ್ಲಿ,” ಅಂದಳು ದೊಡ್ಡಮ್ಮ, ಡಬ್ಬಿಯ ಅಂಚನ್ನು ಸೆರಗಿನಿಂದ ಒರೆಸುತ್ತ. “ನಿಮ್ಮ ಮೇಸ್ತ್ರಿ, ಆ ಬೇಸಿಗೆ, ಎಲ್ಲದಕ್ಕಿಂತ ಮೊದಲು. ಒಂದು ಬುಡ ತಂದೆ. ಸಾಯಲಿಲ್ಲ. ವರ್ಷ ವರ್ಷ ಹೂ ಬಿಡುತ್ತೆ, ಕಾಯಿ ಮಾತ್ರ ಕಚ್ಚಲ್ಲ. ನಾನು ಬ್ರಷ್ಷಿನಲ್ಲಿ ಹೂವಿಂದ ಹೂವಿಗೆ ಸವರಿದೆ. ಹರಕೆ ಹೊತ್ತೆ. ಕದ್ದ ಗಿಡಕ್ಕೆ ಸಂತಾನ ಇಲ್ಲ ಅಂತ ದೇವರು ನನಗೆ ಪ್ರತಿವರ್ಷ ನೆನಪಿಸ್ತಾನೆ ಅಂದ್ಕೊಂಡು ಸುಮ್ಮನಾದೆ. ಅದಕ್ಕೇ ಯಾರಿಗೂ ತೋರಿಸಲಿಲ್ಲ.”

“ದೇವರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ ದೊಡ್ಡಮ್ಮ. ಇದಕ್ಕೆ ಜೊತೆ ಅಂತ ಇಲ್ಲಿ ಇನ್ನೊಂದು ಗಿಡ ಇಲ್ಲ, ಅದಕ್ಕೆ.” ಪುಟ್ಟಿ ಹಾಸಿಗೆಯ ಮೇಲೆ ಕೂತು ವಿವರಿಸತೊಡಗಿದಳು. “ಒಂದೊಂದು ಗಿಡಕ್ಕೂ ಎರಡು ಗುರುತು ಇರುತ್ತೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಪರಾಗ ಅದರಲ್ಲಿ ಒಂದು ಗುರುತು ಹೊತ್ಕೊಂಡು ಇನ್ನೊಂದು ಹೂವಿಗೆ ಹೋಗುತ್ತೆ. ಹೂವು ಬಾಗಿಲು ತೆಗೆಯುತ್ತೆ, ಪಡಸಾಲೆವರೆಗೂ ಬಿಟ್ಕೊಳ್ಳುತ್ತೆ. ಆಮೇಲೆ ಗುರುತು ನೋಡುತ್ತೆ. ತನ್ನ ಹತ್ರ ಇರೋದೇ ಆದ್ರೆ, ನಮ್ಮವನೇ ಅಂತ ಅಲ್ಲೇ ಕತ್ತು ಹಿಡಿದು ನಿಲ್ಲಿಸಿಬಿಡುತ್ತೆ.”

“ನಮ್ಮವನಾದ್ರೆ ಒಳಗೆ ಕರೀಬೇಕಲ್ವಾ?”

“ಊಟಕ್ಕಾದ್ರೆ ಕರೀಬಹುದು. ಸಂಬಂಧಕ್ಕೆ ಬೇಡ. ಅದಕ್ಕೇ ಈ ಗಿಡಗಳಲ್ಲಿ ಹೊಸಬನಿಗೆ ಇರೋ ಬೆಲೆ ಯಾರಿಗೂ ಇಲ್ಲ. ಯಾರ ಹತ್ರಾನೂ ಇಲ್ಲದ ಗುರುತು ತಂದವನಿಗೆ ಊರಲ್ಲಿ ಎಲ್ಲ ಬಾಗಿಲೂ ತೆರೆದಿರುತ್ತೆ. ಮಕ್ಕಳು ಮರಿ ಆಗಿ ಅವನ ಗುರುತು ಊರೆಲ್ಲ ಹರಡಿದ ಮೇಲೆ ಬಾಗಿಲು ಒಂದೊಂದಾಗಿ ಮುಚ್ಚುತ್ತೆ.”

“ನಿನ್ನ ದೊಡ್ಡಪ್ಪನ ಜೋಕಿನ ಹಾಗೆ,” ಅಂದಳು ದೊಡ್ಡಮ್ಮ. “ಮೊದಲ ಸಲ ಕೇಳಿದವರು ಬಿದ್ದು ಬಿದ್ದು ನಗೋರು. ಎಲ್ಲರಿಗೂ ಗೊತ್ತಾದ ಮೇಲೆ ಪಾಪ, ಹೊಸ ನೆಂಟರು ಬರೋವರೆಗೂ ಕಾಯ್ತಾ ಕೂರೋರು.” ಆಮೇಲೆ ಡಬ್ಬಿಯ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು, “ಹಾಗಾದ್ರೆ ಅವನು ಸಿಟ್ಟಾಗಿಲ್ವಾ?”

“ಯಾರು?”

ದೊಡ್ಡಮ್ಮ ಕಣ್ಣಿನಲ್ಲೇ ಮೇಲೆ ತೋರಿಸಿದಳು.

“ಇಲ್ಲ ದೊಡ್ಡಮ್ಮ.”

“ಸದ್ಯ. ಇಷ್ಟು ವರ್ಷ ಮುಖ ತಪ್ಪಿಸ್ಕೊಂಡು ಓಡಾಡ್ತಿದ್ದೆ.”

ಪುಟ್ಟಿ ಒಂದು ಎಲೆ ಕಿತ್ತು ಕಾಗದದಲ್ಲಿ ಮಡಚಿಕೊಂಡು ಹೋದಳು. ಶುಕ್ರವಾರ ಪ್ರಯೋಗಾಲಯದಿಂದ ಫೋನು ಮಾಡಿದಾಗ ಅವಳಿಗೆ ಹಲೋ ಅನ್ನಲೂ ಪುರುಸೊತ್ತಿರಲಿಲ್ಲ. “ಎರಡೂ ಬೇರೆ ದೊಡ್ಡಮ್ಮ. ನಿನ್ನ ಗಿಡದ ಎರಡು ಗುರುತೂ ನಮ್ಮ ಇಳಿಜಾರಿನಲ್ಲಿ ಇಲ್ಲ.”

“ಮತ್ತೆ ತಡ ಏನು? ಡಬ್ಬಿ ಎತ್ಕೊಂಡು ಬರ್ತೀನಿ.”

“ಬರಬೇಡ! ಹೊರಗಿನ ಗಿಡ ಒಳಗೆ ತರಬಾರದು ಅಂತ ನಿಯಮ ಇದೆ. ಅನುಮತಿ ಕೇಳಬೇಕು, ಗಿಡ ಎಲ್ಲಿಂದ ಬಂತು ಹೇಳಬೇಕು, ಒಂದು ವರ್ಷ ಬೇರೆ ಇಟ್ಟು ರೋಗ ನೋಡಬೇಕು. ಸೋಮವಾರ ಯಂತ್ರ ಬರುತ್ತೆ.”

“ನಿಮ್ಮ ಪರಾಗ ಇಲ್ಲಿಗೆ ತಾ, ಹಾಗಾದ್ರೆ.”

“ಅಲ್ಲಿ ಕಾಯಿ ಕಚ್ಚಿದ್ರೆ ನಿನ್ನ ಡಬ್ಬಿ ಉಳಿಯುತ್ತೆ. ನನ್ನ ಇಳಿಜಾರು ಉಳಿಯಲ್ಲ. ನನಗೆ ಬೇಕಾಗಿರೋದು ಇಳಿಜಾರು ದೊಡ್ಡಮ್ಮ.” ಆಮೇಲೆ ಪುಟ್ಟಿಗೆ ಏನೋ ಅನುಮಾನ ಬಂತು. “ನೀನೇನೂ ಮಾಡಬೇಡ. ನನ್ನಾಣೆ.”

“ನಿನ್ನಾಣೆ, ಗಿಡ ತರಲ್ಲ,” ಅಂದಳು ದೊಡ್ಡಮ್ಮ. ದೇವರಿಗೆ ಹೆದರುವ ಹೆಂಗಸು. ಕೊಟ್ಟ ಮಾತಿನ ಅಕ್ಷರಕ್ಕೆ ತಪ್ಪುವವಳಲ್ಲ.

ಶನಿವಾರ ಮಧ್ಯಾಹ್ನ ಅವಳು ಗಿಡ ತರಲಿಲ್ಲ. ಟೋಪಿ ಹಾಕಿಕೊಂಡು ಬಂದಳು. ಒಣಹುಲ್ಲಿನ ಅಗಲ ಅಂಚಿನ ಬಿಸಿಲು ಟೋಪಿ. ಅದರ ಸುತ್ತ ಒಂದು ರಿಬ್ಬನ್ನು, ರಿಬ್ಬನ್ನಿನ ಮೇಲೆ ಒಂದು ತೆಳ್ಳನೆ ರೇಷ್ಮೆ ವಸ್ತ್ರ. ಒಳಗೆ ಹೋಗುವವರನ್ನು ಡೇಗೆ ನೋಡುವ ಪದ್ಧತಿ ಇರಲಿಲ್ಲ. ಅವನ ಕೆಲಸವೆಲ್ಲ ಹೊರಗೆ ಬರುವವರ ಮೇಲೆ.

ಇಳಿಜಾರಿನ ಪಕ್ಕದ ಬೆಂಚಿನ ಮೇಲೆ ಕೂತು ದೊಡ್ಡಮ್ಮ ರೇಷ್ಮೆ ವಸ್ತ್ರ ಬಿಚ್ಚಿ ಮಡಚಿದಳು. ರಿಬ್ಬನ್ನಿನ ಸುತ್ತ ಹಳದಿ ಹೂಗಳ ಒಂದು ದಂಡೆ. ಎರಡು ಜೇನು ಆಗಲೇ ಬಂದು ವಿಚಾರಿಸಿಕೊಂಡು ಹೋದವು. ಆಮೇಲೆ ಟೋಪಿ ಗಾಳಿಗೆ ಹಾರಿತು.

ಗಾಳಿ ಇರಲಿಲ್ಲ. ಆದರೂ ಹಾರಿತು, ಹಗ್ಗದಾಚೆ ಹೋಗಿ ಹೂಗಳ ನಡುವೆ ಬೋರಲು ಬಿತ್ತು.

“ಅಯ್ಯೋ, ನನ್ನ ಟೋಪಿ!” ಅಂತ ದೊಡ್ಡಮ್ಮ ಜನ ಕೇಳುವಷ್ಟು ಗಟ್ಟಿಯಾಗಿ ಅಂದಳು. ಎದ್ದು ತರಲು ಅವಸರಪಡಲಿಲ್ಲ. ಮಂಡಿನೋವಿನ ಹೆಂಗಸಿಗೆ ಏಳುವುದಕ್ಕೆ ಹೊತ್ತು ಬೇಕು. ಒಂದು ದೀರ್ಘ ಪದ್ಯ ಮುಗಿಯುವವರೆಗೂ ಜೇನುಗಳು ಟೋಪಿಗೂ ಇಳಿಜಾರಿಗೂ ಓಡಾಡಿದವು. ಆಮೇಲೆ ಹಗ್ಗದ ಕೆಳಗೆ ನುಸುಳಿ, ಟೋಪಿಯನ್ನು ಎತ್ತುವ ಬದಲು ಹೂಗಳ ತಲೆ ಸವರಿಕೊಂಡು ಎಳೆದುಕೊಂಡೇ ಬಂದಳು. ಕೂತಳು. ಬೆವರು ಒರೆಸಿಕೊಂಡಳು. ಟೋಪಿ ಇನ್ನೊಂದು ಕಡೆಗೆ ಹಾರಿತು.

ಸಂಜೆಯವರೆಗೂ ಆ ಟೋಪಿ ಇಳಿಜಾರಿನ ಮೂಲೆ ಮೂಲೆಗೂ ನೆಂಟಸ್ತಿಕೆಗೆ ಹೋಗಿ ಬಂತು. ನೋಡಲು ಬಂದಿದ್ದ ಒಂದು ಸಂಸಾರದ ಯಜಮಾನ ಪಾಪ ಅಂತ ಒಮ್ಮೆ ಎದ್ದು ತಂದುಕೊಟ್ಟ. ಅವನ ಮೇಲೆ ದೊಡ್ಡಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು.

ಮುಚ್ಚುವ ಗಂಟೆ ಬಾರಿಸಿದಾಗ ಅವಳು ಟೋಪಿಯನ್ನು ತಲೆಯ ಮೇಲೆ ನೆಟ್ಟಗೆ ಇಟ್ಟುಕೊಂಡು ಗೇಟಿಗೆ ಬಂದಳು. ರೇಷ್ಮೆ ವಸ್ತ್ರ ಚೀಲದಲ್ಲಿತ್ತು. ಮುಚ್ಚಿಕೊಳ್ಳಬಹುದಿತ್ತು.

“ಚೀಲ ತೋ...” ಅಂದ ಡೇಗೆ. ಅವನ ಕಣ್ಣು ಚೀಲದಿಂದ ಮೇಲೇರಿತು. “ಅಮ್ಮಾ! ಇದೇನಮ್ಮಾ! ಬ್ರೆಡ್ಡಿನ ಒಳಗಾದ್ರೆ ಒಂದು ಮರ್ಯಾದೆ. ತಲೆ ಮೇಲೇ ಇಟ್ಕೊಂಡು ಹೊರಟ್ರಾ?”

“ನನ್ನ ಮನೇದಪ್ಪ ಇದು.”

“ಬೋರ್ಡು ಓದಿಲ್ವಾ? ಜಗತ್ತಿನಲ್ಲಿ ಇಲ್ಲಿ ಮಾತ್ರ. ನಿಮ್ಮ ಮನೆ ಜಗತ್ತಿನಲ್ಲಿಲ್ವಾ?”

ಆ ಮಾತಿಗೆ ದೊಡ್ಡಮ್ಮ ನಕ್ಕೇಬಿಟ್ಟಳು. ಡೇಗೆಗೂ ಒಂದು ಕ್ಷಣ ತನ್ನ ಮಾತು ಹಿಡಿಸಿತು. ಆದರೆ ಕೆಲಸ ಕೆಲಸವೇ. ಗೇಟಿನ ಫೋನು ಎತ್ತಿದ.

ನಿರ್ದೇಶಕರ ಕೋಣೆಗೆ ಪುಟ್ಟಿ ಓಡಿ ಬರುವ ಹೊತ್ತಿಗೆ ಟೋಪಿ ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಕೂತಿತ್ತು. ನಿರ್ದೇಶಕರ ಮುಖ ಅರಳಿತ್ತು. ವರ್ಷ ವರ್ಷ ಉದ್ಯಾನದ ಗಿಡಗಳು ಕಾಲು ಬಂದಂತೆ ನಡೆದುಹೋಗುತ್ತಿದ್ದವು. ಒಬ್ಬ ಕಳ್ಳನೂ ಅವರ ಕೈಗೆ ಸಿಕ್ಕಿರಲಿಲ್ಲ. ಈಗ ಸಿಕ್ಕಿದ್ದು, ಅದೂ ಹೂವಿನ ಸಮೇತ.

“ಪೊಲೀಸಿಗೆ ಕೊಡ್ತೀನಿ,” ಅಂದರು. “ವಯಸ್ಸಾದವರು ಅಂತ ನೋಡಲ್ಲ.”

“ಹೂ ನಿಮ್ಮದಲ್ಲ, ನನ್ನದು,” ಅಂದಳು ದೊಡ್ಡಮ್ಮ.

“ಸರ್, ಪರೀಕ್ಷೆ ಮಾಡಿ ತೋರಿಸ್ತೀನಿ. ಆ ಹೂವಿನ ಗುರುತೇ ಬೇರೆ,” ಅಂದಳು ಪುಟ್ಟಿ.

“ನಿಮ್ಮ ದೊಡ್ಡಮ್ಮ, ನಿಮ್ಮ ಪರೀಕ್ಷೆ, ನಿಮ್ಮ ಮಾತು. ಯಾರು ನಂಬ್ತಾರೆ ಮೇಡಂ?”

ದೊಡ್ಡಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಪಾಪದವಳ ಹಾಗೆ ಕೇಳಿದಳು, “ಯಾರನ್ನ ನಂಬ್ತೀರಿ ಹೇಳಿ, ಸಾಕ್ಷಿಗೆ ಅವರನ್ನೇ ಕರೆಯೋಣ. ನನ್ನ ಟೋಪಿ ನಿಮ್ಮ ಇಳಿಜಾರಿನ ಮೇಲೆ ಹೊರಳಾಡಿದ್ದನ್ನ ಊರೇ ನೋಡಿದೆ. ಏನೇ ಪುಟ್ಟಿ, ಅಲ್ಲಿನ ಹೂ ಅಲ್ಲಿನ ಹೂವಿಗೆ ತಾಕಿದ್ರೆ ಕಾಯಿ ಕಚ್ಚುತ್ತಾ?”

“ಇಲ್ಲ. ಮೂರು ವರ್ಷದಲ್ಲಿ ಒಂದೂ ಕಚ್ಚಿಲ್ಲ. ಸರ್‌ಗೇ ಗೊತ್ತು.”

“ಹೊರಗಿನ ಹೂ ತಾಕಿದ್ರೆ?”

ಪುಟ್ಟಿ ದೊಡ್ಡಮ್ಮನ ಮುಖ ನೋಡಿದಳು. ಆಗ ಅವಳಿಗೆ ಅರ್ಥವಾಯಿತು. ನಗು ತಡೆಯಲು ಕೆಮ್ಮಬೇಕಾಯಿತು.

“ಕಚ್ಚುತ್ತೆ,” ಅಂದಳು. “ಕಾಯಿ ಕಚ್ಚಿದ್ರೆ ಹೂ ಹೊರಗಿನದು, ಕಳ್ಳತನ ಇಲ್ಲ. ಕಚ್ಚದಿದ್ರೆ ಇಲ್ಲಿನದೇ, ನೀವು ಪೊಲೀಸಿಗೆ ಕೊಡಿ. ನಾನೂ ತಡೆಯಲ್ಲ. ಗಿಡ ಯಾರ ನೆಂಟಸ್ತಿಕೇನೂ ನೋಡಲ್ಲ ಸರ್.”

ನಿರ್ದೇಶಕರು ಯೋಚಿಸಿದರು. ನ್ಯಾಯ ಅಚ್ಚುಕಟ್ಟಾಗಿತ್ತು. ಅಚ್ಚುಕಟ್ಟಾದದ್ದನ್ನು ಅವರು ಯಾವತ್ತೂ ದೂರ ತಳ್ಳಿದವರಲ್ಲ.

“ಸರಿ. ಇದು ಇತ್ಯರ್ಥ ಆಗೋವರೆಗೂ ಇಳಿಜಾರಿನ ಒಂದು ಕಡ್ಡೀನೂ ಯಾರೂ ಮುಟ್ಟಕೂಡದು. ಅದು ಸಾಕ್ಷಿ,” ಅಂದರು. ಹೇಳಿ ಮುಗಿಸಿದ ಮೇಲೆ, ಸೋಮವಾರ ಯಂತ್ರ ಬರುವುದಿದೆ ಎಂದು ಅವರಿಗೆ ನೆನಪಾಗಿರಬೇಕು. ಹುಬ್ಬು ಗಂಟಿಕ್ಕಿದರು. ಆದರೆ ಆಡಿದ ಮಾತನ್ನು ಡೇಗೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಾಗಿತ್ತು.

ಬಸ್ಸಿನಲ್ಲಿ ಪುಟ್ಟಿ ಕೇಳಿದಳು, “ಹೂಗಳನ್ನ ಅಲ್ಲೇ ಎಸೆದು ಬರಬಹುದಿತ್ತಲ್ಲ?”

“ಎಸೆದಿದ್ರೆ ಸೋಮವಾರ ಯಂತ್ರ ಬರ್ತಿತ್ತು. ಕಾಯಿ ಕಚ್ಚೋಕೆ ದಿನ ಬೇಡ್ವಾ?”

“ಕಚ್ಚದಿದ್ರೆ?”

ದೊಡ್ಡಮ್ಮ ಕಿಟಕಿಯಾಚೆ ನೋಡಿದಳು. ಪುಟ್ಟಿ ಅವಳ ಕೈ ಹಿಡಿದುಕೊಂಡಳು. “ಕಚ್ಚದಿದ್ರೆ ಜೈಲಿಗೆ ಬ್ರೆಡ್ಡು ತಗೊಂಡು ಬಾ,” ಅಂದಳು ದೊಡ್ಡಮ್ಮ. “ಒಳಗೆ ಒಂದು ಕಡ್ಡಿ ಇಟ್ಟಿರು.”

ಸೋಮವಾರ ಬಂದ ಯಂತ್ರ ಇಳಿಜಾರಿನ ಪಕ್ಕದಲ್ಲಿ ಸುಮ್ಮನೆ ನಿಂತಿತು. ಅದರ ಚಕ್ರದ ನೆರಳಿನಲ್ಲಿ ಡೇಗೆಗೆ ಒಂದು ಕುರ್ಚಿ ಹಾಕಿದರು. ಸಾಕ್ಷಿ ಕಾಯುವ ಕೆಲಸ ಈಗ ಅವನದು. ಮೊದಮೊದಲು ಅವನು ಕಾಲು ಅಲ್ಲಾಡಿಸುತ್ತ ಕೂತಿರುತ್ತಿದ್ದ. ಆಮೇಲೆ ಬೇಸರ ಕಳೆಯಲು ಒಂದೊಂದೇ ಹೂ ನೋಡತೊಡಗಿದ. ಎಸಳು ಉದುರಿದವು. ಪ್ರತಿವರ್ಷ ಎಸಳಿನ ಹಿಂದೆಯೇ ತೊಟ್ಟೂ ಉದುರುತ್ತಿತ್ತು. ಈ ಸಲ ತೊಟ್ಟು ನಿಂತಿತು. ಅದರ ತುದಿಯಲ್ಲಿ ಸಾಸಿವೆಯಷ್ಟು ಹಸಿರು.

“ಮೇಡಂ,” ಅಂದ ಅವನು ಒಂದು ಬೆಳಿಗ್ಗೆ, ದನಿ ಇಳಿಸಿ, “ಆ ಕಲ್ಲಿನ ಪಕ್ಕದ್ದು ಸ್ವಲ್ಪ ಉಬ್ಬಿದೆ.”

“ನಿಮ್ಮ ಕೇಸು ಬಿದ್ದುಹೋಗುತ್ತಲ್ಲ ಹಾಗಾದ್ರೆ?”

“ಬಿದ್ದುಹೋಗುತ್ತೆ. ಏನ್ ಮಾಡೋದು, ಉಬ್ಬಿದೆ.” ಬೇಸರ ನಟಿಸಲು ನೋಡಿದ, ಆಗಲಿಲ್ಲ. ಆವತ್ತಿನಿಂದ ಕಾಗೆ ಬಂದರೆ ಚಪ್ಪಾಳೆ ತಟ್ಟುತ್ತಿದ್ದ. ಬಿಸಿಲು ಹೆಚ್ಚಾದರೆ ತನ್ನ ಕುಡಿಯುವ ನೀರನ್ನೇ ಚಿಮುಕಿಸುತ್ತಿದ್ದ. ಸಾಕ್ಷಿ ಸಾಯಬಾರದಲ್ಲ, ಅನ್ನುತ್ತಿದ್ದ ಕೇಳಿದವರಿಗೆ.

ಕಾಯಿ ಬಲಿತ ದಿನ ಎಲ್ಲರೂ ಇಳಿಜಾರಿನ ಬುಡದಲ್ಲಿ ಸೇರಿದರು. ದೊಡ್ಡಮ್ಮ ತನ್ನ ಅತ್ಯುತ್ತಮ ಸೀರೆ ಉಟ್ಟಿದ್ದಳು. ಪುಟ್ಟಿ ಒಂದು ಕಾಯಿ ಕೊಯ್ದು ಬಿಳಿ ಕಾಗದದ ಮೇಲೆ ಒಡೆದಳು. ಚಿಕ್ಕ ಕಪ್ಪು ಬೀಜಗಳು ಉರುಳಿ ಹರಡಿಕೊಂಡವು. ಡೇಗೆ ಮೂಗು ಒರೆಸಿಕೊಂಡ.

ನಿರ್ದೇಶಕರು ಬಾಗಿ ನೋಡಿದರು. ತೋಟದ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರೂ ಹೀಗೆ ಬೀಜ ನೋಡಿ ಬಾಯಿ ಬಿಟ್ಟಿದ್ದವರೇ ಇರಬೇಕು. ಒಂದು ಗಳಿಗೆ ಆ ಮುಖವೇ ಬಂದು ಹೋಯಿತು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, “ಸರಿ. ಹೂ ಹೊರಗಿನದೇ. ಕದ್ದಿದ್ದಲ್ಲ ಅಂತ ಒಪ್ಕೋತೀನಿ,” ಅಂದರು. “ಈಗ ಒಂದು ಪ್ರಶ್ನೆ ಅಮ್ಮಾ. ಜಗತ್ತಿನಲ್ಲಿ ಇಲ್ಲಿ ಮಾತ್ರ ಇರೋ ಗಿಡ ನಿಮ್ಮ ಮನೆಗೆ ಹೇಗೆ ಬಂತು?”

ಪುಟ್ಟಿ ಕಣ್ಣು ಮುಚ್ಚಿಕೊಂಡಳು.

“ಕದ್ದೆ,” ಅಂದಳು ದೊಡ್ಡಮ್ಮ, ಇಡೀ ಇಳಿಜಾರಿಗೆ ಕೇಳುವ ಹಾಗೆ. “ಆಗಿನ ಕಾವಲುಗಾರ ಪದ್ಯದ ಹುಚ್ಚಿನವನು. ನಮ್ಮ ಯಜಮಾನರು ಗೇಟಿನಲ್ಲಿ ಅವನನ್ನ ಕೂರಿಸಿಕೊಂಡು ಪದ್ಯದ ಮೇಲೆ ಪದ್ಯ ಹೇಳಿದರು. ನಾನು ಇಲ್ಲಿ ಟೀ ಚಮಚದಲ್ಲಿ ಅಗೆದೆ. ಕಲ್ಲು ನೆಲ, ನಿಧಾನ ಆಯ್ತು. ಪಾಪ, ಅವರಿಗೆ ಗಂಟಲು ಕಟ್ಟಿ ಮೂರು ದಿನ ಮಾತು ಬರಲಿಲ್ಲ. ಮದುವೆಯಾದ ಮೇಲೆ ಅವರು ಸುಮ್ಮನಿದ್ದ ಮೂರು ದಿನ ಅಂದ್ರೆ ಅವೇ.”

ಡೇಗೆ ಎಲ್ಲರಿಗಿಂತ ಮೊದಲು ನಕ್ಕ. ಹಿಂದಿನ ಕಾವಲುಗಾರನ ಅವಮಾನ ಅವನಿಗೆ ಒಳ್ಳೆಯ ಸಮಾಧಾನ ತಂದಿರಬೇಕು.

ನಿರ್ದೇಶಕರು ದೊಡ್ಡಮ್ಮನ ಸೆರಗಿನಿಂದ ಒಂದು ದಾರದೆಳೆ ಕಿತ್ತು, ಅದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಬೆರಳಿಗೆ ಸುತ್ತಿಕೊಂಡರು. “ಕದ್ದ ಮಾಲು ವಾಪಸ್ ಕೊಡಬೇಕಾಗುತ್ತೆ,” ಅಂದರು ಕೊನೆಗೆ. “ಅಷ್ಟೇ ಶಿಕ್ಷೆ.”

ದೊಡ್ಡಮ್ಮನ ನಗು ಒಂದು ಕ್ಷಣ ನಿಂತಿತು. ಮಲಗುವ ಕೋಣೆಯ ಕಿಟಕಿ ಖಾಲಿಯಾಗುವುದನ್ನು ಅವಳು ಯೋಚಿಸಿರಲಿಲ್ಲ. “ನೋಡೋಣ,” ಅಂದಳು.

ಇಡೀ ಕಚೇರಿ ಉಸಿರು ಬಿಗಿಹಿಡಿಯಿತು. ಮಾರನೆಯ ದಿನ ಅವಳೇ ಬಿಸ್ಕತ್ತಿನ ಡಬ್ಬಿ ಹೊತ್ತು ತಂದಳು. ಗೇಟಿನಲ್ಲಿ ಡೇಗೆ ಎದ್ದು ನಿಂತು ಎರಡೂ ಕೈಯಲ್ಲಿ ಇಸಿದುಕೊಂಡ. ಕಾರಂಜಿ ಊಟದ ಮನೆಯ ಎದುರಿಗೆ ಹೋಯಿತು. ಅಲ್ಲಿ ಅದು ನೋಡಲು ಏನೂ ಕಡಿಮೆಯಿಲ್ಲ.

ಬಿತ್ತಿದ ಬೀಜ ಮೊಳೆತು, ಮಕ್ಕಳು ಹೂ ಬಿಟ್ಟ ಕಾಲಕ್ಕೆ ದೊಡ್ಡಮ್ಮ ಬೆಂಚಿನ ಮೇಲೆ ಬೀಗರ ಕಡೆಯವಳ ಗತ್ತಿನಲ್ಲಿ ಕೂತಿರುತ್ತಿದ್ದಳು. ಒಂದು ದಿನ ಪುಟ್ಟಿ ಪಕ್ಕದಲ್ಲಿ ಬಂದು ಕೂತು ನಿಟ್ಟುಸಿರಿಟ್ಟಳು.

“ಏನೇ?”

“ನಿನ್ನ ಡಬ್ಬಿಯ ಮದುಮಗನ ಬೆಲೆ ಇಳೀತಾ ಇದೆ ದೊಡ್ಡಮ್ಮ. ಹಳೇ ಗಿಡಗಳು ಇನ್ನೂ ಅವನನ್ನ ಪೂರ್ತಿ ಒಪ್ತಾವೆ. ಆದ್ರೆ ಹೊಸ ಗಿಡಗಳಲ್ಲಿ ಒಂದೊಂದರಲ್ಲೂ ಅವನದೊಂದು ಗುರುತು ಇದೆಯಲ್ಲ; ಅವನ ಪರಾಗದಲ್ಲಿ ಅರ್ಧಕ್ಕೆ ಬಾಗಿಲು ಮುಚ್ಚುತ್ತವೆ. ಇಡೀ ಇಳಿಜಾರಿನಲ್ಲಿ ಈಗ ಇರೋದು ನಾಲ್ಕೇ ಗುರುತು. ಹೀಗೇ ಬಿಟ್ರೆ ಅಣ್ಣ ತಂಗಿ ಮುಖ ತಿರುಗಿಸ್ಕೊಂಡು ಕೂರೋದೇ ಹೆಚ್ಚಾಗುತ್ತೆ.”

“ಊರಿಗೆಲ್ಲ ಅಪ್ಪನಾದ ಮೇಲೆ ಮದುಮಗ ಅಂತ ಯಾರು ಕರೀತಾರೆ,” ಅಂದಳು ದೊಡ್ಡಮ್ಮ. “ಇನ್ನಷ್ಟು ಹೊಸಬರು ಬೇಕು ಅನ್ನು.”

“ಎಲ್ಲಿಂದ ತರೋದು? ಜಗತ್ತಿನಲ್ಲಿ ಇಲ್ಲಿ ಮಾತ್ರ.”

ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿದಳು. “ಆವತ್ತು ಚಮಚ ತಂದಿದ್ದು ನಾನೊಬ್ಬಳೇ ಅಂದ್ಕೊಂಡ್ಯಾ? ನಮ್ಮದು ಒಂದು ಬಸ್ಸು ತುಂಬ ಹೆಂಗಸರು.”

ಸುದ್ದಿ ಪುಟ್ಟಿಯಿಂದ ನಿರ್ದೇಶಕರಿಗೆ ಮುಟ್ಟಿತು. ಕದ್ದವರೆಲ್ಲ ತಂದುಕೊಡಿ ಎಂದು ಅವರು ಬೋರ್ಡು ಹಾಕುವಂತಿರಲಿಲ್ಲ. ಹಾಕಿದರೆ ಯಾರೂ ಬರುತ್ತಲೂ ಇರಲಿಲ್ಲ. ಅವರು ಒಂದು ವಾರ ಯೋಚಿಸಿ ಗೇಟಿನಲ್ಲಿ ಬೇರೆಯೇ ಬೋರ್ಡು ತೂಗುಹಾಕಿಸಿದರು: ‘ಹೂಗಾಲ ಮುಗಿಯುವವರೆಗೆ ಟೋಪಿಗಳನ್ನು ತಪಾಸಣೆ ಮಾಡಲಾಗುವುದಿಲ್ಲ.’ ಅದರ ಅರ್ಥವೇನೆಂದು ಕೇಳಿದವರ ತೋಳಿನಿಂದ ಅವರು ಒಂದು ದಾರದೆಳೆ ಕಿತ್ತರು.

ಮೊದಲು ಬಂದದ್ದು ಊರುಗೋಲಿನ ಒಬ್ಬ ಅಜ್ಜಿ. ಆವತ್ತು ಮೋಡ ಕವಿದಿತ್ತು. ಆದರೂ ಅವಳ ತಲೆಯ ಮೇಲೆ ಕೊಡೆಯಷ್ಟು ಅಗಲದ ಟೋಪಿ, ಟೋಪಿಯ ತುಂಬ ಹಳದಿ ಹೂ. ಅವಳ ಹಿಂದೆ ಇಬ್ಬರು ಅಕ್ಕತಂಗಿಯರು. ಆಮೇಲೆ ತೀರಿಹೋದ ಹೆಂಡತಿಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ ಒಬ್ಬ ಮುದುಕ, ಯಾರ ಮುಖವನ್ನೂ ನೋಡದೆ. ಡೇಗೆ ತಲೆ ಎತ್ತಿ ಆಕಾಶ ನೋಡುತ್ತ ನಿಂತಿದ್ದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಇಳಿಜಾರಿನ ಕಡೆಯಿಂದ ಜೇನಿನ ಗುನುಗು, ಅದರ ಮೇಲೆ ದೊಡ್ಡಮ್ಮನ ದನಿ: “ಬನ್ನಿ ಬನ್ನಿ, ಎಷ್ಟು ವರ್ಷ ಆಯ್ತು! ಟೋಪಿ ಗಾಳಿಗೆ ಹಾರುತ್ತೆ, ಜೋಪಾನ!”

ಸಂಜೆ ದೊಡ್ಡಮ್ಮ ಎಲ್ಲರಿಗಿಂತ ಕೊನೆಗೆ ಹೊರಟಳು. ಟೋಪಿ ಖಾಲಿ.

“ಚೀಲ ತೋರಿಸಿ ಅಮ್ಮಾ,” ಅಂದ ಡೇಗೆ.

ತೋರಿಸಿದಳು. ಕರವಸ್ತ್ರ, ಕನ್ನಡಕದ ಡಬ್ಬಿ, ಅರ್ಧ ಬ್ರೆಡ್ಡು. ಡೇಗೆ ಬಹಳ ಹೊತ್ತು ಬ್ರೆಡ್ಡನ್ನು ನೋಡಿದ. ಏನೆನ್ನಿಸಿತೋ, ಇಷ್ಟು ವರ್ಷದಲ್ಲಿ ಮೊದಲ ಸಲ ಅದನ್ನು ಎತ್ತಿ ಮುರಿದ. ಒಳಗೆ ಬರೀ ಬ್ರೆಡ್ಡು.

“ನಂಬಿಕೆ ಅನ್ನೋದೇ ಇಲ್ಲವಾಯ್ತು,” ಅಂತ ದೊಡ್ಡಮ್ಮ ಬೇಜಾರು ಮಾಡಿಕೊಂಡು, ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು, ಮಡಚಿದ ಕೊಡೆಯನ್ನು ಕಂಕುಳಲ್ಲಿ ಜೋಪಾನವಾಗಿ ಒತ್ತಿಕೊಂಡು ಬಸ್ಸಿನ ಕಡೆ ನಡೆದಳು. ಕೊಡೆಯ ಮಡಿಕೆಯಿಂದ ಒಂದು ಹಸಿರು ತುದಿ ಇಣುಕಿ ಅವಳ ನಡಿಗೆಯ ತಾಳಕ್ಕೆ ತಲೆದೂಗುತ್ತಿತ್ತು.

ಡೇಗೆ ನೋಡಿದ. ಆಮೇಲೆ ಮತ್ತೆ ಆಕಾಶ ನೋಡಿದ.